ಗಮನಕ್ಕೆ ಬಂದಿದೆಯೇ? ಬಂದಿದೆ



ವಿಧಾನಸಭೆಯ ಪ್ರಶ್ನೋತ್ತರದ ಹಾಳೆಯನ್ನು ನಿಮ್ಮಲ್ಲಿ ಎಷ್ಟು ಜನ ಕೈಯಲ್ಲಿ ಹಿಡಿದು ನೋಡಿದ್ದೀರಿ? ನಾನಂತೂ ಐವತ್ತರ ಗಡಿಗೆ ಬರುವವರೆಗೆ ನೋಡಿರಲಿಲ್ಲ. ಪಹಣಿ ನೋಡಿದ್ದೆ, ಸೊಸೈಟಿ ನೋಟೀಸು ನೋಡಿದ್ದೆ, ಜಪ್ತಿಗೆ ಬಂದವರ ಕೈಯಲ್ಲಿದ್ದ ಕಾಗದವನ್ನೂ ನೋಡಿದ್ದೆ. ಈ ಹಾಳೆ ಮಾತ್ರ ಗೊತ್ತಿರಲಿಲ್ಲ. ನಮ್ಮ ಹೆಸರು ಹೇಳಿ ನಡೆಯುವ ವ್ಯವಹಾರ, ನಮ್ಮ ತಾಲ್ಲೂಕಿನ ಲೆಕ್ಕ, ನಮ್ಮದೇ ಭಾಷೆಯಲ್ಲಿ ಅಚ್ಚಾಗಿರುತ್ತದೆ. ಆದರೂ ನಮ್ಮ ಜಗಲಿಯವರೆಗೆ ಅದು ಬರುವುದಿಲ್ಲ.

ಹಾಳೆಯ ರೂಪ ಹೀಗೆ. ಮೇಲೆ ‘ಕರ್ನಾಟಕ ವಿಧಾನಸಭೆ’ ಎಂದಿರುತ್ತದೆ. ಅದರ ಕೆಳಗೆ ಪ್ರಶ್ನೆಯ ಸಂಖ್ಯೆ, ಕೇಳಿದ ಸದಸ್ಯರ ಹೆಸರು, ಉತ್ತರಿಸಬೇಕಾದ ದಿನಾಂಕ, ಉತ್ತರಿಸುವ ಸಚಿವರು. ಆಮೇಲೆ ನಡುವೆ ಗೆರೆ ಎಳೆದು ಎಡಗಡೆ ಪ್ರಶ್ನೆ, ಬಲಗಡೆ ಉತ್ತರ. ಪ್ರಶ್ನೆಯನ್ನು ಅ, ಆ, ಇ, ಈ ಎಂದು ತುಂಡು ಮಾಡಿರುತ್ತಾರೆ. ‘ಅ’ ಸಾಮಾನ್ಯವಾಗಿ ಒಂದೇ ಜಾತಿಯದು: ನಾಲೆಯ ಕೊನೆ ಭಾಗಕ್ಕೆ ನೀರು ತಲುಪದಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ? ಎದುರಿಗೆ ಒಂದೇ ಮಾತು, ‘ಬಂದಿದೆ.’ ‘ಆ’: ಬಂದಿದ್ದಲ್ಲಿ, ಸರ್ಕಾರ ಕೈಗೊಂಡ ಕ್ರಮಗಳೇನು? ‘ಅನುದಾನದ ಲಭ್ಯತೆಗೆ ಅನುಗುಣವಾಗಿ ಹಂತ ಹಂತವಾಗಿ ಕ್ರಮ ಕೈಗೊಳ್ಳಲಾಗುವುದು.’ ‘ಇ’: ಯಾವಾಗ ಪೂರ್ಣಗೊಳಿಸಲಾಗುವುದು? ‘ಕಾಲಮಿತಿ ನಿಗದಿಪಡಿಸಲು ಸಾಧ್ಯವಿರುವುದಿಲ್ಲ.’ ಮೊದಲನೆಯದಕ್ಕೇ ‘ಬಂದಿಲ್ಲ’ ಅಂದುಬಿಟ್ಟರಂತೂ ಇನ್ನೂ ಹಗುರ. ಉಳಿದದ್ದಕ್ಕೆಲ್ಲ ‘ಉದ್ಭವಿಸುವುದಿಲ್ಲ’ ಎಂದು ಬರೆದರೆ ಆಯಿತು. ಈ ಮಾತನ್ನು ಮೊದಲ ಸಲ ಓದಿದಾಗ ಇದೇನಪ್ಪ, ವಿಧಾನಸೌಧದಲ್ಲಿ ಲಿಂಗ ಉದ್ಭವಿಸುವ ಪ್ರಸ್ತಾಪವೇನಾದರೂ ಇತ್ತೇ ಅಂದುಕೊಂಡೆ.

ಇಂಥ ಹಾಳೆಯಿಂದ ರೈತನಿಗೇನು ಬಂತು ಅಂತ ನೀವು ಕೇಳಬಹುದು. ನಾನೂ ಹಾಗೇ ಕೇಳುತ್ತಿದ್ದವನು. ನಾನು ಓದಿದ್ದು ಊರ ಹೈಸ್ಕೂಲಿನಲ್ಲಿ ಎಸ್ಸೆಸ್ಸೆಲ್ಸಿವರೆಗೆ. ಹುಡುಗನಾಗಿದ್ದಾಗಲೇ ಊರ ಬಾಗಿಲಲ್ಲಿ ‘ಸಾಲ ವಸೂಲಿಗೆ ಬರುವ ಅಧಿಕಾರಿಗಳಿಗೆ ಪ್ರವೇಶವಿಲ್ಲ’ ಎಂಬ ಬೋರ್ಡು ನೋಡಿಕೊಂಡು ಬೆಳೆದವನು. ‘ರೈತ ಸಾಲಗಾರನಲ್ಲ, ಸರ್ಕಾರವೇ ಬಾಕಿದಾರ’ ಅಂತ ಕೂಗಿದವನು. ರಸ್ತೆ ತಡೆಗೆ ಕೂತಿದ್ದೇನೆ, ತಾಲ್ಲೂಕು ಕಚೇರಿ ಬಾಗಿಲು ಹಾಕಿಸಿದ್ದೇನೆ. ಅದರ ಬಗ್ಗೆ ನನಗೆ ಪಶ್ಚಾತ್ತಾಪವೇನೂ ಇಲ್ಲ. ಆದರೆ ಒಂದು ಹಾಳೆ ನನ್ನ ಎಣಿಕೆಯನ್ನು ಸ್ವಲ್ಪ ಬದಲಾಯಿಸಿತು, ಅದನ್ನು ಹೇಳುತ್ತೇನೆ.

2017ರ ಜೂನ್‌ನಲ್ಲಿ ಸಿದ್ದರಾಮಯ್ಯನವರ ಸರ್ಕಾರ ಸಹಕಾರಿ ಸಂಘಗಳ ಬೆಳೆ ಸಾಲದಲ್ಲಿ 50 ಸಾವಿರದವರೆಗೆ ಮನ್ನಾ ಅಂದಿತು. ಲೆಕ್ಕ 8,165 ಕೋಟಿ. ಮರುವರ್ಷ 2018ರಲ್ಲಿ ಕುಮಾರಸ್ವಾಮಿಯವರ ಸರ್ಕಾರ ಸಹಕಾರಿ ಸಾಲ ಒಂದು ಲಕ್ಷದವರೆಗೆ, ವಾಣಿಜ್ಯ ಬ್ಯಾಂಕುಗಳ ಸಾಲ ಎರಡು ಲಕ್ಷದವರೆಗೆ ಮನ್ನಾ ಅಂದಿತು. ಊರಲ್ಲಿ ಪಟಾಕಿ ಹೊಡೆದೆವು. ಆಮೇಲೆ ಶುರುವಾಯಿತು ನೋಡಿ ಆಧಾರ್, ರೇಷನ್ ಕಾರ್ಡು, ಪಹಣಿ ಮೂರನ್ನೂ ತಾಳೆ ಹಾಕುವ ಕೆಲಸ. ಒಬ್ಬನಿಗೆ ಆಧಾರಿನಲ್ಲಿ ಹೆಸರಿನ ಕೊನೆಗೆ ‘ಗೌಡ’, ಪಹಣಿಯಲ್ಲಿ ಬರೀ ಹೆಸರು. ಇನ್ನೊಬ್ಬನದು ಅಪ್ಪ ಮಗ ಬೇರೆ ಬೇರೆ ಸಾಲ, ರೇಷನ್ ಕಾರ್ಡು ಮಾತ್ರ ಒಂದೇ. ತಾಳೆಯಾದವರು ‘ಹಸಿರು ಪಟ್ಟಿ’ಗೆ ಹೋದರು. ಹಸಿರು ಪಟ್ಟಿಗೆ ಹೋದವರಲ್ಲೂ ಎಲ್ಲರಿಗೂ ದುಡ್ಡು ಬರಲಿಲ್ಲ. ನಮ್ಮೂರಿನಲ್ಲಿ ಹಾಗೆ ಉಳಿದವರು ಹನ್ನೊಂದು ಜನ. ಅದರಲ್ಲಿ ನಮ್ಮಣ್ಣನೂ ಒಬ್ಬ.

ವರ್ಷಗಟ್ಟಲೆ ಓಡಾಡಿದೆವು. ಸೊಸೈಟಿಯಲ್ಲಿ ಕೇಳಿದರೆ ‘ಮೇಲಿಂದ ಬಂದಿಲ್ಲ’. ಮೇಲೆ ಕೇಳಿದರೆ ‘ಸೊಸೈಟಿಯವರು ಸರಿಯಾಗಿ ಕಳಿಸಿಲ್ಲ’. ಪುಸ್ತಕದಲ್ಲಿ ಹಳೆ ಬಾಕಿ ತೋರಿಸುತ್ತಿರುವುದರಿಂದ ಹೊಸ ಸಾಲವೂ ಇಲ್ಲ. ಶುಂಠಿಗೆ, ಆಲೂಗೆಡ್ಡೆ ಬಿತ್ತನೆಗೆ ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿಯ ಕೈಸಾಲವೇ ಗತಿ. ಮನ್ನಾ ಆಯಿತು ಅಂತ ಪಟಾಕಿ ಹೊಡೆದವರು ಮನ್ನಾದ ದೆಸೆಯಿಂದಲೇ ಹೊಸ ಸಾಲಕ್ಕೆ ಬಿದ್ದರು. ಈ ನಡುವೆ ನಮ್ಮಣ್ಣ ತೀರಿಕೊಂಡ. ಬಾಕಿ ಅತ್ತಿಗೆಯ ತಲೆಗೆ ಬಂತು.

ಒಂದು ಮದುವೆ ಮನೆಯಲ್ಲಿ ವಿಧಾನ ಪರಿಷತ್ತಿನ ಸದಸ್ಯರೊಬ್ಬರು ಸಿಕ್ಕಿದರು. ನಮ್ಮೂರ ಹುಡುಗನೊಬ್ಬ ಲಾ ಓದಿದವನು, ಅವನು ನಾಲ್ಕು ಸಾಲು ಬರೆದು ಅವರ ಕೈಗೆ ಕೊಟ್ಟ. ಇಂಥ ತಾಲ್ಲೂಕಿನಲ್ಲಿ ಸಂಘವಾರು ಅರ್ಹ ರೈತರೆಷ್ಟು, ಹಣ ಸಂದಾಯವಾದವರೆಷ್ಟು, ಬಾಕಿ ಉಳಿದವರೆಷ್ಟು, ಕಾರಣವೇನು. ಇಷ್ಟೇ. ಅವರು ಜೇಬಿಗೆ ಹಾಕಿಕೊಂಡರು. ಊಟ ಮಾಡಿ ಹೋದರು. ನಾವು ಮರೆತೆವು. ಎರಡು ಅಧಿವೇಶನ ಕಳೆದ ಮೇಲೆ ಆ ಹುಡುಗ ಒಂದು ಹಾಳೆ ತಂದ, ಜೊತೆಗೆ ಅನುಬಂಧ. ಅನುಬಂಧದಲ್ಲಿ ನಮ್ಮ ಸೊಸೈಟಿಯ ಹೆಸರು ಇತ್ತು. ಬಾಕಿ ಉಳಿದವರು ಎಂಬ ಅಂಕಣದಲ್ಲಿ ಸೊನ್ನೆ.

ಹನ್ನೊಂದು ಜನ ಬದುಕಿದ್ದೇವೆ, ಸದನದಲ್ಲಿ ಸೊನ್ನೆ! ಮೊದಲು ಸಿಟ್ಟು ಬಂತು. ಹಾಳೆ ಹರಿದು ಬಿಸಾಕೋಣ ಅಂತಿದ್ದೆ. ಆ ಹುಡುಗ ಹೇಳಿದ: ‘ದೊಡ್ಡಪ್ಪಾ, ಹರೀಬೇಡಿ. ಇದು ನಮಗೆ ಸಿಕ್ಕಿರೋ ಕೊಡಲಿ ಕಾವು.’ ಇಪ್ಪತ್ತು ಜೆರಾಕ್ಸ್ ಮಾಡಿಸಿ ಸೊಸೈಟಿಗೆ ಹೋದೆವು.

‘ಕಾರ್ಯದರ್ಶಿಗಳೇ, ಸದನಕ್ಕೆ ಸೊನ್ನೆ ಅಂತ ಬರೆದು ಕಳಿಸಿದ್ದು ಯಾರು?’

‘ಸಂಜೆಯೊಳಗೆ ಅಂಕಿ ಅಂಶ ಕೊಡು ಅಂತ ಫೋನ್ ಬಂತು ಕಣಣ್ಣಾ. ಕೊಟ್ಟೆ.’

‘ಹಂಗಾದ್ರೆ ನಮ್ಮ ಹನ್ನೊಂದು ಜನದ್ದು?’

ಅವನು ಮಾತಾಡಲಿಲ್ಲ. ಆದರೆ ಅವತ್ತೇ ಮೇಲಿನವರಿಗೆ ಫೋನ್ ಮಾಡಿದ. ಏಕೆಂದರೆ ಸದನಕ್ಕೆ ತಪ್ಪು ಮಾಹಿತಿ ಹೋಯಿತು ಅಂದರೆ ಅದು ಹಕ್ಕುಚ್ಯುತಿಯ ಮಾತಾಗುತ್ತದೆ. ಸಚಿವರು ಅಧಿಕಾರಿಯನ್ನು ಕೇಳುತ್ತಾರೆ, ಅಧಿಕಾರಿ ಕೆಳಗಿನವನನ್ನು ಕೇಳುತ್ತಾನೆ. ರಸ್ತೆ ತಡೆಗೆ ಹೆದರದ ಕಚೇರಿ ತಾನೇ ಬರೆದುಕೊಟ್ಟ ಸೊನ್ನೆಗೆ ಹೆದರಿತು. ಎರಡು ಮೂರು ತಿಂಗಳಲ್ಲಿ ಏಳು ಜನರ ಲೆಕ್ಕ ಚುಕ್ತಾ ಆಯಿತು. ನಾಲ್ಕು ಇನ್ನೂ ಉಳಿದಿವೆ. ಅತ್ತಿಗೆಯದೂ ಉಳಿದಿದೆ.

ಇದರಿಂದ ನನಗೆ ಒಂದು ಗುಟ್ಟು ತಿಳಿಯಿತು. ಆ ಹಾಳೆಯ ಬಲಗಡೆಯ ಉತ್ತರ ವಿಧಾನಸೌಧದಲ್ಲಿ ಹುಟ್ಟುವುದಿಲ್ಲ. ಪ್ರಶ್ನೆ ಬೆಂಗಳೂರಿನಿಂದ ಜಿಲ್ಲೆಗೆ, ಜಿಲ್ಲೆಯಿಂದ ತಾಲ್ಲೂಕಿಗೆ, ತಾಲ್ಲೂಕಿನಿಂದ ಸೊಸೈಟಿಯ ಮೇಜಿಗೆ ಮೆಟ್ಟಿಲಿಳಿದು ಬರುತ್ತದೆ. ಉತ್ತರ ಅದೇ ಮೆಟ್ಟಿಲು ಹತ್ತಿ ಮೇಲೆ ಹೋಗುತ್ತದೆ. ಕೆಳಗಿನ ಗುಮಾಸ್ತ ಒಂದು ಸಂಜೆಯಲ್ಲಿ ಬರೆದದ್ದೇ ಸಚಿವರ ಬಾಯಲ್ಲಿ ಸತ್ಯವಾಗುತ್ತದೆ. ಹಾಗಾದರೆ ಆ ಉತ್ತರ ಸರಿಯೋ ತಪ್ಪೋ ಎಂದು ಹೇಳಬಲ್ಲವರು ಯಾರು? ಮಂತ್ರಿಯಲ್ಲ, ಶಾಸಕನೂ ಅಲ್ಲ. ಆ ಗುಮಾಸ್ತನ ಮೇಜಿನ ಈಚೆ ನಿಂತ ನಾವು. ನಮ್ಮ ಕೈಗೆ ಹಾಳೆ ಬಾರದಿದ್ದರೆ ಸುಳ್ಳು ಸುಳ್ಳಾಗಿಯೇ ಕಡತದಲ್ಲಿ ಮಲಗುತ್ತದೆ.

ಪ್ರಶ್ನೆಯಲ್ಲಿ ಎರಡು ಬಗೆ ಉಂಟು. ಚುಕ್ಕೆ ಗುರುತಿನ ಪ್ರಶ್ನೆಗೆ ಸಚಿವರು ಎದ್ದು ನಿಂತು ಬಾಯಿಮಾತಿನಲ್ಲಿ ಉತ್ತರಿಸಬೇಕು, ಅದರ ಮೇಲೆ ಉಪಪ್ರಶ್ನೆ ಹಾಕಬಹುದು. ಚುಕ್ಕೆ ಗುರುತಿಲ್ಲದ್ದಕ್ಕೆ ಬರಹದ ಉತ್ತರ, ಅಷ್ಟೆ. ನಮ್ಮ ಜನಕ್ಕೆ ಮೊದಲನೆಯದೇ ದೊಡ್ಡದು ಅನ್ನಿಸುತ್ತದೆ, ಟೀವಿಯಲ್ಲಿ ಕಾಣುತ್ತದಲ್ಲ! ನನ್ನ ಲೆಕ್ಕದಲ್ಲಿ ರೈತನಿಗೆ ಹೆಚ್ಚು ಕೆಲಸಕ್ಕೆ ಬರುವುದು ಎರಡನೆಯದು. ಅದರಲ್ಲೇ ಅನುಬಂಧ ಬರುವುದು, ಅಂಕಿ ಬರುವುದು, ಸಂಘದ ಹೆಸರು ಬರುವುದು. ಉತ್ತರದಲ್ಲಿ ಸಚಿವರು ‘ಮಾಡುತ್ತೇವೆ’ ಅಂತ ಮಾತು ಕೊಟ್ಟಿದ್ದರೆ ಅದನ್ನು ಬೆನ್ನು ಹತ್ತಲು ಎರಡು ಸದನಗಳಲ್ಲೂ ಸರ್ಕಾರಿ ಭರವಸೆಗಳ ಸಮಿತಿ ಎಂಬುದಿದೆ. ಅದಕ್ಕೇ ನೋಡಿ, ಜಾಣ ಅಧಿಕಾರಿ ಉತ್ತರದಲ್ಲಿ ‘ಮಾಡಲಾಗುವುದು’ ಎಂದು ಬರೆಯುವ ಬದಲು ‘ಪರಿಶೀಲನೆಯಲ್ಲಿದೆ’ ಎಂದು ಬರೆಯುತ್ತಾನೆ.

ಮಾಹಿತಿ ಹಕ್ಕು ಇದೆಯಲ್ಲ, 10 ರೂಪಾಯಿ ಕಟ್ಟಿದರೆ 30 ದಿನದಲ್ಲಿ ಕೊಡಬೇಕಲ್ಲ ಅಂತ ತಿಳಿದವರು ಕೇಳುತ್ತಾರೆ. ಇದೆ, ಬಳಸಿ. ಆದರೆ 2005ರ ಆ ಕಾಯ್ದೆಯ 8ನೇ ಕಲಮಿನಲ್ಲಿ ಒಂದು ಒಳ್ಳೆಯ ಸಾಲಿತ್ತು. ಸಂಸತ್ತಿಗೆ ಅಥವಾ ರಾಜ್ಯದ ಶಾಸನಸಭೆಗೆ ಇಲ್ಲವೆನ್ನಲಾಗದ ಮಾಹಿತಿಯನ್ನು ಯಾವ ವ್ಯಕ್ತಿಗೂ ಇಲ್ಲವೆನ್ನಬಾರದು ಎಂಬುದು ಅದರ ತಾತ್ಪರ್ಯ. ಹಳ್ಳಿಯ ರೈತನನ್ನೂ ಶಾಸಕನನ್ನೂ ಒಂದೇ ಚಾಪೆಯ ಮೇಲೆ ಕೂರಿಸಿದ ಸಾಲು ಅದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆ ಆ ಸಾಲನ್ನು ಕಿತ್ತುಹಾಕಿತು, 2025ರ ನವೆಂಬರ್‌ನಲ್ಲಿ ಅದು ಜಾರಿಗೂ ಬಂತು. ಇನ್ನು ಮೇಲೆ ಯಾರಿಗೆ ಎಷ್ಟು ಮನ್ನಾ ಆಯಿತು ಅಂತ ಕೇಳಿದರೆ ‘ವೈಯಕ್ತಿಕ ಮಾಹಿತಿ’ ಅಂತ ಬಾಗಿಲು ಹಾಕಲು ದಾರಿಯಾಗಿದೆ. ಶಾಸಕನ ಪ್ರಶ್ನೆಯ ತೂಕ ಹೆಚ್ಚಾದದ್ದು ಇದರಿಂದಲೂ ಹೌದು.

ಈಗ ಬೆಲೆಯ ಮಾತಿಗೆ ಬರೋಣ, ನಮಗೆ ಹೆಚ್ಚು ಸುಡುವುದು ಅದೇ.

‘ಕೊಬ್ಬರಿಯ ಬೆಂಬಲ ಬೆಲೆ ಹೆಚ್ಚಿಸುವ ಉದ್ದೇಶ ಸರ್ಕಾರಕ್ಕಿದೆಯೇ?’ ಇಂಥ ಪ್ರಶ್ನೆ ಕೇಳಿ ನಮ್ಮ ಶಾಸಕರು ಚನ್ನರಾಯಪಟ್ಟಣದ ಸಂತೆಗೆ ಬಂದು ‘ಕೇಳಿದ್ದೇನಪ್ಪಾ’ ಅನ್ನಬಹುದು. ಎದುರಿಗೆ ಬರುವ ಉತ್ತರ ನಾನು ಓದದೆಯೇ ಹೇಳಬಲ್ಲೆ: ‘ಬೆಂಬಲ ಬೆಲೆ ನಿಗದಿ ಕೇಂದ್ರ ಸರ್ಕಾರದ ವ್ಯಾಪ್ತಿಗೆ ಬರುತ್ತದೆ.’ ಅಲ್ಲಿಗೆ ಮುಗಿಯಿತು. ಮಾತು ಸುಳ್ಳಲ್ಲ. ಉಂಡೆ ಕೊಬ್ಬರಿಗೆ ಕ್ವಿಂಟಾಲಿಗೆ 2023ರಲ್ಲಿ 11,750, 2024ರಲ್ಲಿ 12,000, 2025ರಲ್ಲಿ 12,100 ರೂಪಾಯಿ ಎಂದು ನಿಗದಿ ಮಾಡಿದ್ದು ದೆಹಲಿಯೇ. ಕೊಳ್ಳುವ ನಾಫೆಡ್ ಸಂಸ್ಥೆಯೂ ಅಲ್ಲಿಯದೇ. ಆದರೆ ಕೊಬ್ಬರಿ ತೂಗುವ ತಕ್ಕಡಿ ಎಲ್ಲಿದೆ? ನಮ್ಮ ಎಪಿಎಂಸಿ ಯಾರ್ಡಿನಲ್ಲಿ. ಖರೀದಿ ಕೇಂದ್ರ ಎಲ್ಲಿ ತೆರೆಯಬೇಕು, ರೈತರ ನೋಂದಣಿ ಯಾವ ದಿನ ಶುರು, ಎಷ್ಟು ಹೊತ್ತಿಗೆ ಬಂದ್, ಗೋಣಿಚೀಲ ಬಂತೇ ಇಲ್ಲವೇ, ದುಡ್ಡು ಎಷ್ಟು ದಿನಕ್ಕೆ ಖಾತೆಗೆ ಬಿತ್ತು, ಇದರಲ್ಲೆಲ್ಲ ರಾಜ್ಯದ ಕೈ ಇದೆ. 2023ರಲ್ಲಿ ಮಾರುಕಟ್ಟೆ ದರ ಬೆಂಬಲ ಬೆಲೆಗಿಂತ ಸಾವಿರಗಟ್ಟಲೆ ಕೆಳಗಿತ್ತು. ರಾಜ್ಯ ಸರ್ಕಾರ ಕ್ವಿಂಟಾಲಿಗೆ 1,500 ರೂಪಾಯಿ ಮೇಲೆ ಹಾಕುತ್ತೇವೆ ಅಂದಿತು. 2024ರ ಆರಂಭದಲ್ಲಿ ನೋಂದಣಿ ಶುರುವಾದರೆ ತೆಂಗಿನ ಮರವೇ ಇಲ್ಲದವರ ಹೆಸರುಗಳು ಒಳಗೆ ಸೇರಿದವು ಎಂದು ಗಲಾಟೆಯಾಗಿ, ಇದ್ದ ನೋಂದಣಿ ರದ್ದು ಮಾಡಿ ಹೊಸದಾಗಿ ಮಾಡಬೇಕಾಯಿತು. ರಾತ್ರಿಯೆಲ್ಲ ಸರದಿಯಲ್ಲಿ ನಿಂತ ರೈತ ಮತ್ತೆ ಮೊದಲಿಂದ ನಿಂತ. ಅಲ್ಲಿ ಕೇಳಬೇಕಾದ ಪ್ರಶ್ನೆ ಯಾವುದು? ‘ಉದ್ದೇಶವಿದೆಯೇ’ ಅಲ್ಲ. ಇಂಥ ಕೇಂದ್ರದಲ್ಲಿ ನೋಂದಾಯಿಸಿದವರೆಷ್ಟು, ಅವರಲ್ಲಿ ಪಹಣಿಯ ಬೆಳೆ ಕಾಲಮಿನಲ್ಲಿ ತೆಂಗು ಇದ್ದವರೆಷ್ಟು, ರದ್ದಾದ ನೋಂದಣಿಗೆ ಯಾರನ್ನು ಹೊಣೆ ಮಾಡಿದಿರಿ, ದುಡ್ಡು ಸಂದಾಯವಾದ ದಿನಾಂಕ ಯಾವುದು. ಈ ಪ್ರಶ್ನೆಗೆ ‘ಕೇಂದ್ರದ ವ್ಯಾಪ್ತಿ’ ಅಂತ ಉತ್ತರ ಬರೆಯಲು ಬಾರದು.

2025ರಲ್ಲಿ ಅದೇ ಕೊಬ್ಬರಿ ಕ್ವಿಂಟಾಲಿಗೆ 20 ಸಾವಿರ ದಾಟಿತು. ಬೆಲೆ ಇದ್ದಾಗ ಮರದಲ್ಲಿ ಕಾಯಿ ಇಲ್ಲ. ಬರಕ್ಕೆ, ಕಪ್ಪುತಲೆ ಹುಳುವಿಗೆ, ಬಿಳಿ ನೊಣಕ್ಕೆ ತೋಟ ಸೊರಗಿತ್ತು. ನಮ್ಮ ಹಣೆಬರಹವೇ ಹಾಗೆ ಅಂತ ಕೆಲವರು ಅಂದರು. ಹಣೆಬರಹವಲ್ಲ ಸ್ವಾಮಿ, ಯಾವ ತಾಲ್ಲೂಕಿನಲ್ಲಿ ಎಷ್ಟು ಎಕರೆ ತೋಟಕ್ಕೆ ಹುಳು ಬಿತ್ತು, ತೋಟಗಾರಿಕೆ ಇಲಾಖೆ ಎಷ್ಟು ತೋಟಕ್ಕೆ ಪರೋಪಜೀವಿ ಬಿಟ್ಟಿತು ಎಂದು ಬರಹದಲ್ಲಿ ಕೇಳಿದವರು ಕಡಿಮೆ.

ಅರಕಲಗೂಡಿನವರದು ಬೇರೆ ಪಾಡು. ರಾಮನಾಥಪುರದ ಹೊಗೆಸೊಪ್ಪಿನ ಹರಾಜು ತಂಬಾಕು ಮಂಡಳಿಯದು, ಮಂಡಳಿ ಕೇಂದ್ರದ್ದು. ಅದರ ಪ್ರಶ್ನೆ ಲೋಕಸಭೆಗೆ ಹೋಗಬೇಕು. ಶಾಸಕರ ಹಿಂದೆ ಓಡಾಡಿ ಚಪ್ಪಲಿ ಸವೆಸಬೇಡಿ. ಮುಸುಕಿನ ಜೋಳದ್ದು ಕೊಬ್ಬರಿಯ ಹಾಗೇ: 2025ರ ನವೆಂಬರ್‌ನಲ್ಲಿ ಬೆಂಬಲ ಬೆಲೆ 2,400 ಇದ್ದರೆ ಮಾರುಕಟ್ಟೆಯಲ್ಲಿ 2,000 ಕಾಣುವುದೇ ಕಷ್ಟವಾಗಿತ್ತು. ರಾಗಿಗೆ 2025-26ರಲ್ಲಿ 4,886 ರೂಪಾಯಿ, ಖರೀದಿ ಮಾಡುವುದು ರಾಜ್ಯದ ಸಂಸ್ಥೆಗಳ ಮೂಲಕ. ಇಲ್ಲಿ ದುಡ್ಡು ಬಂದ ದಿನಾಂಕವೇ ಮುಖ್ಯ ಪ್ರಶ್ನೆ. ಆಲೂಗೆಡ್ಡೆಗಂತೂ ಬೆಂಬಲ ಬೆಲೆಯೇ ಇಲ್ಲ. ಹಾಸನದ ಯಾರ್ಡಿಗೆ ಪಂಜಾಬಿನ ಜಲಂಧರ್ ಕಡೆಯಿಂದ ಲಾರಿಗಟ್ಟಲೆ ಬಿತ್ತನೆ ಗೆಡ್ಡೆ ಬರುತ್ತದೆ. ನಾವು ಮೂಟೆ ಬಿಚ್ಚಿ, ಮೂಸಿ, ಮುಟ್ಟಿ ಕೊಳ್ಳುತ್ತೇವೆ. ಅಂಗಮಾರಿ ಹೊಡೆದ ಮೇಲೆ ‘ಬೀಜ ಸರಿಯಿರಲಿಲ್ಲ’ ಅನ್ನುತ್ತೇವೆ. ಬಂದ ಲೋಡುಗಳಲ್ಲಿ ಎಷ್ಟನ್ನು ಪರೀಕ್ಷೆ ಮಾಡಿದಿರಿ, ಎಷ್ಟನ್ನು ವಾಪಸು ಕಳಿಸಿದಿರಿ? ಈ ಒಂದು ಪ್ರಶ್ನೆಯನ್ನು ಪ್ರತಿ ವರ್ಷ ಬಿತ್ತನೆ ಮುಗಿದ ಮೇಲಿನ ಅಧಿವೇಶನದಲ್ಲಿ ತಪ್ಪದೆ ಕೇಳಿದ್ದರೆ ನಮ್ಮ ಜಿಲ್ಲೆಯಲ್ಲಿ ಆಲೂಗೆಡ್ಡೆ ಇಷ್ಟು ಬೇಗ ಹೊಲ ಬಿಟ್ಟು ಓಡುತ್ತಿರಲಿಲ್ಲವೇನೋ.

‘ಕೇಂದ್ರ, ಕೇಂದ್ರ’ ಎಂದು ಕೈ ತೋರಿಸುವವರಿಗೆ ಸಂವಿಧಾನದ ಏಳನೇ ಅನುಸೂಚಿ ತೋರಿಸಿ. ರಾಜ್ಯ ಪಟ್ಟಿಯ 14ನೇ ಬಾಬು ಕೃಷಿ, 17ನೆಯದು ನೀರು, 28ನೆಯದು ಸಂತೆ ಮತ್ತು ಮಾರುಕಟ್ಟೆ. 30ನೆಯದರಲ್ಲಿ ಲೇವಾದೇವಿಯ ಜೊತೆಗೇ ಕೃಷಿ ಸಾಲದಿಂದ ಪರಿಹಾರ ಎಂದು ನೇರವಾಗಿ ಬರೆದಿದೆ. ಬ್ಯಾಂಕು ಮಾತ್ರ ಕೇಂದ್ರದ ಪಟ್ಟಿಯಲ್ಲಿದೆ. ದೇವರಾಜ ಅರಸರು 1976ರಲ್ಲಿ ಋಣ ಪರಿಹಾರ ಕಾಯ್ದೆ ತಂದದ್ದೂ, 2018ರ ಋಣ ಪರಿಹಾರ ಕಾಯ್ದೆ ಬಂದದ್ದೂ, ಮೈಕ್ರೋ ಫೈನಾನ್ಸಿನವರ ಕಿರುಕುಳದ ವಿರುದ್ಧ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆ ಹೊರಟದ್ದೂ ರಾಜ್ಯದಿಂದಲೇ. ಸಾಲದ ವಿಷಯದಲ್ಲಿ ‘ನಮ್ಮದಲ್ಲ’ ಎಂಬ ಮಾತು ಅರ್ಧ ಮಾತ್ರ ನಿಜ.

ಸೊನ್ನೆ ಬಡ್ಡಿಯ ಸಾಲವನ್ನೇ ತಗೊಳ್ಳಿ. 2023-24ರ ಬಜೆಟ್ಟಿನಲ್ಲಿ ಅದರ ಮಿತಿ ಮೂರು ಲಕ್ಷದಿಂದ ಐದು ಲಕ್ಷಕ್ಕೆ ಏರಿತು. ಹೇಳಲು ಬಲು ಚೆನ್ನ. ನಿಮ್ಮ ಸೊಸೈಟಿಯಲ್ಲಿ ಐದು ಲಕ್ಷ ಪಡೆದವರನ್ನು ಬೆರಳಲ್ಲಿ ಎಣಿಸಿ ನೋಡೋಣ. ಸಹಕಾರಿ ಬ್ಯಾಂಕುಗಳಿಗೆ ನಬಾರ್ಡ್ ಕೊಡುವ ರಿಯಾಯಿತಿ ದರದ ಅಲ್ಪಾವಧಿ ಮಿತಿ 2023-24ರಲ್ಲಿ 5,600 ಕೋಟಿ ಇದ್ದದ್ದು 2024-25ಕ್ಕೆ 2,340 ಕೋಟಿಗೆ ಇಳಿಯಿತು. ಮೇಲೆ ಮಡಕೆ ತೂತಾದರೆ ಕೆಳಗೆ ತಂಬಿಗೆ ತುಂಬುವುದು ಹೇಗೆ? ಇನ್ನೊಂದು ಸಂಗತಿ ಯಾವ ಅನುಬಂಧದಲ್ಲೂ ಬರುವುದಿಲ್ಲ, ನಮಗೆ ಮಾತ್ರ ಗೊತ್ತು. ಸೊನ್ನೆ ಬಡ್ಡಿ ಉಳಿಯಬೇಕಾದರೆ ವರ್ಷದೊಳಗೆ ಅಸಲು ಕಟ್ಟಿ ಮತ್ತೆ ತೆಗೆದುಕೊಳ್ಳಬೇಕು. ಕಟ್ಟಲು ಕೈಯಲ್ಲಿ ಕಾಸಿಲ್ಲ. ಊರಿನ ಸಾಹುಕಾರನ ಹತ್ತಿರ ಎಂಟು ಹತ್ತು ದಿನಕ್ಕೆ ಕೈಗಡ ತಂದು ಕಟ್ಟುತ್ತೇವೆ, ಸಾಲ ಮತ್ತೆ ಬಂದ ಕೂಡಲೇ ಅವನಿಗೆ ಬಡ್ಡಿ ಸಮೇತ ಕೊಡುತ್ತೇವೆ. ಪುಸ್ತಕದಲ್ಲಿ ‘ಮರುಪಾವತಿ’ ಚೆನ್ನಾಗಿದೆ, ಬಡ್ಡಿ ಸೊನ್ನೆಯಿದೆ. ಆ ಹತ್ತು ದಿನದ ಬಡ್ಡಿ ಯಾರ ಪುಸ್ತಕದಲ್ಲಿದೆ? ಆದರೂ ಇದನ್ನು ಬಯಲಿಗೆಳೆಯುವ ಪ್ರಶ್ನೆ ಇದೆ: ಈ ತಾಲ್ಲೂಕಿನಲ್ಲಿ ಮರುಪಾವತಿಯಾದ ಹದಿನೈದು ದಿನದೊಳಗೆ ಅದೇ ರೈತನಿಗೆ ಅಷ್ಟೇ ಮೊತ್ತ ಮತ್ತೆ ಕೊಟ್ಟ ಪ್ರಕರಣಗಳೆಷ್ಟು? ಇದಕ್ಕೆ ಉತ್ತರ ಸೊಸೈಟಿಯ ಕಂಪ್ಯೂಟರಿನಲ್ಲೇ ಇದೆ. ಕೇಳಿದವರಿಲ್ಲ.

ಆತ್ಮಹತ್ಯೆ ಮಾಡಿಕೊಂಡ ರೈತರ ಬಗ್ಗೆ ಬರುವ ಅನುಬಂಧವನ್ನು ಓದಲು ನನಗೆ ಧೈರ್ಯ ಸಾಲದು. ವರದಿಯಾದ ಪ್ರಕರಣ, ಅರ್ಹ, ತಿರಸ್ಕೃತ, ಬಾಕಿ, ಹೀಗೆ ಅಂಕಣಗಳು. ಉಪವಿಭಾಗಾಧಿಕಾರಿಗಳ ಸಮಿತಿ ಕೂತು ತೀರ್ಮಾನ ಮಾಡುತ್ತದೆ. ಅರ್ಹವಾದರೆ ಐದು ಲಕ್ಷ. ತಿರಸ್ಕೃತ ಎಂಬ ಅಂಕಣದಲ್ಲಿ ಒಂದಂಕಿ ಇದ್ದರೆ ಅದು ಒಂದು ಮನೆ. ಕೈಸಾಲಕ್ಕೆ ಕಾಗದ ಇರುವುದಿಲ್ಲ. ಪಹಣಿ ಇನ್ನೂ ಅಜ್ಜನ ಹೆಸರಲ್ಲಿರುತ್ತದೆ. ಸತ್ತವನು ರೈತನೇ ಅಂತ ಸಾಬೀತು ಮಾಡಲು ಹೆಂಡತಿ ಕಚೇರಿ ಸುತ್ತಬೇಕು. ಈ ತಿರಸ್ಕಾರಕ್ಕೆ ಕಾರಣವೇನೆಂದು ಪ್ರಕರಣವಾರು ಕೇಳಬೇಕು. ಒಟ್ಟು ಎಷ್ಟು ಎಂದು ಕೇಳಿದರೆ ಒಟ್ಟು ಅಂಕಿಯೇ ಬರುತ್ತದೆ, ಕಾರಣ ಬರುವುದಿಲ್ಲ.

ಹಾಗಾದರೆ ನಮ್ಮವರು ಅಲ್ಲಿ ಏನು ಮಾಡುತ್ತಿದ್ದಾರೆ? ಸದನದ ಬಾವಿಗೆ ಇಳಿದು ಕೂಗಿದರೆ ಊರಲ್ಲಿ ನಾವು ಟೀವಿ ಮುಂದೆ ‘ನಮ್ಮ ಹುಲಿ ನೋಡ್ಲಾ’ ಅಂತೀವಿ. ಕೂಗಬೇಕಾದಾಗ ಕೂಗಲಿ. ಆದರೆ ಆ ಗದ್ದಲದಲ್ಲಿ ಪ್ರಶ್ನೋತ್ತರ ಕಲಾಪ ಕೊಚ್ಚಿಹೋದರೆ ಆ ದಿನದ ಉತ್ತರಗಳು ಉಪಪ್ರಶ್ನೆಯೇ ಇಲ್ಲದೆ ಕಾಗದವಾಗಿ ಹೊರಬೀಳುತ್ತವೆ. ಸಚಿವರಿಗೆ ಅದಕ್ಕಿಂತ ಹಬ್ಬ ಬೇರೆ ಬೇಕೇ? 2025ರ ಮಾರ್ಚ್ 21 ನೆನಪಿರಲಿ. ಬಜೆಟ್ ಅಧಿವೇಶನದ ಕೊನೆಯ ದಿನ. ಗದ್ದಲದಲ್ಲಿ 18 ಶಾಸಕರು ಆರು ತಿಂಗಳು ಅಮಾನತಾದರು. ಅದೇ ದಿನ, ಅದೇ ಗದ್ದಲದ ನಡುವೆ, ಶಾಸಕರ ಮೂಲ ಸಂಬಳ 40 ಸಾವಿರದಿಂದ 80 ಸಾವಿರಕ್ಕೆ ಏರುವ ಮಸೂದೆ ಪಾಸಾಯಿತು. ಅವರ ಬೆಲೆ ನಿಗದಿಗೆ ಆಯೋಗ ಬೇಕಾಗಲಿಲ್ಲ, ಉತ್ಪಾದನಾ ವೆಚ್ಚದ ಲೆಕ್ಕ ಬೇಕಾಗಲಿಲ್ಲ, ಕೇಂದ್ರದ ವ್ಯಾಪ್ತಿ ಅಡ್ಡ ಬರಲಿಲ್ಲ. ಆಳುವ ಪಕ್ಷ, ವಿರೋಧ ಪಕ್ಷ ಎಂಬ ಭೇದವನ್ನು ನಾನಿಲ್ಲಿ ಮಾಡುತ್ತಿಲ್ಲ.

ಹಾಸನ ಜಿಲ್ಲೆಗೆ ನಾಯಕರ ಕೊರತೆಯೇನೂ ಇಲ್ಲ. 1962ರಲ್ಲಿ ಹೊಳೆನರಸೀಪುರದಿಂದ ಪಕ್ಷೇತರರಾಗಿ ಗೆದ್ದು ಹೋದ ದೇವೇಗೌಡರು 1970ರ ದಶಕದಲ್ಲಿ ವಿರೋಧ ಪಕ್ಷದ ನಾಯಕರಾಗಿ ಕೂತಿದ್ದರು, 1996ರಲ್ಲಿ ಪ್ರಧಾನಿಯಾದರು. ಅದಕ್ಕೂ ಹಿಂದೆ, 1881ರಲ್ಲಿ ದಿವಾನ್ ರಂಗಾಚಾರ್ಲು ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆ ಕೂಡಿಸಿದಾಗ 144 ಜನ ಬಂದಿದ್ದರು, ಜಮೀನುದಾರ ರೈತರೂ ಅದರಲ್ಲಿದ್ದರು. ದಸರೆಗೆ ಹೋಗಿ ತಾಲ್ಲೂಕಿನ ಅಹವಾಲು ಹೇಳಿ ಬರುವ ಪದ್ಧತಿ ಹಾಗೆ ಬೆಳೆಯಿತು. ರಾಜರ ಕಾಲದ ರೈತ ತನ್ನ ಅಹವಾಲು ತಾನೇ ಕಟ್ಟಿಕೊಂಡು ಹೋಗುತ್ತಿದ್ದ. ಈಗ ಮತ ಹಾಕಿ ಕಳಿಸುವ ನಾವು ಪ್ರಶ್ನೆಯನ್ನು ಅವರೇ ಹುಡುಕಿಕೊಳ್ಳಲಿ ಅಂತ ಕೂತಿದ್ದೇವೆ.

ಇದನ್ನು ನನಗೆ ಮುಖಕ್ಕೆ ಹೊಡೆದ ಹಾಗೆ ಹೇಳಿದವನು ಒಬ್ಬ ಶಾಸಕರ ಪಿಎ. ‘ಗೌಡ್ರೇ, ದಿನಕ್ಕೆ ಇನ್ನೂರು ಜನ ಬರ್ತಾರೆ. ವರ್ಗಾವಣೆ ಲೆಟರು, ಸಮುದಾಯ ಭವನ, ಮಗನಿಗೆ ಕೆಲಸ, ಮದುವೆ ಕರೆಯೋಲೆ. ಅಧಿವೇಶನದಲ್ಲಿ ಈ ಪ್ರಶ್ನೆ ಕೇಳಿ ಅಂತ ಬರ್ಕೊಂಡು ಬಂದೋರು ನಾನು ಕಂಡಂಗೆ ನೀವೇ ಮೊದಲು.’ ನಾನು ಅಲ್ಲೇನೂ ಹೇಳದೆ ಎದ್ದು ಬಂದೆ. ಏಕೆಂದರೆ ನಾನೂ ಅದೇ ಕಚೇರಿಗೆ ಎರಡು ಸಲ ಹೋಗಿದ್ದೆ. ಒಂದು ಸಲ ವರ್ಗಾವಣೆಗೆ, ಒಂದು ಸಲ ಮದುವೆ ಕರೆಯೋಲೆ ಕೊಡಲು.

ನಮ್ಮೂರ ಹಿರಿಯರೊಬ್ಬರು ಕೇಳಿದರು, ‘ಪ್ರಶ್ನೆ ಕೇಳಿದ್ರೆ ಕೊಬ್ಬರಿ ರೇಟು ಏರ್ತದೇನಪ್ಪಾ?’ ಏರುವುದಿಲ್ಲ ಅಂತ ನೇರವಾಗಿ ಹೇಳಿದೆ. ನಾಲೆಯ ಕೊನೆಗೆ ನೀರೂ ಅದರಿಂದ ಹರಿಯುವುದಿಲ್ಲ. ಬೀದಿಗಿಳಿಯುವ ಕೆಲಸ ಬೀದಿಯಲ್ಲೇ ಆಗಬೇಕು. ಆದರೆ ಬೀದಿಗಿಳಿದಾಗ ನಮ್ಮ ಕೈಯಲ್ಲಿ ಸರ್ಕಾರವೇ ಬರೆದುಕೊಟ್ಟ ಅಂಕಿ ಇದ್ದರೆ ಜಿಲ್ಲಾಧಿಕಾರಿಗಳು ‘ಮಾಹಿತಿ ತರಿಸಿಕೊಳ್ಳುತ್ತೇನೆ’ ಎಂದು ಜಾರಿಕೊಳ್ಳಲು ಬಾರದು. ಮಾಹಿತಿ ನಮ್ಮ ಚೀಲದಲ್ಲೇ ಇರುತ್ತದೆ.

ಪ್ರಶ್ನೆ ಬರೆಯುವಾಗ ‘ಘೋರ ಅನ್ಯಾಯ’, ‘ರೈತ ವಿರೋಧಿ’ ಎಂಬ ಮಾತು ಹಾಕಬೇಡಿ, ನಿಯಮದ ಪ್ರಕಾರ ಅಭಿಪ್ರಾಯ ಇರುವ ಪ್ರಶ್ನೆಯನ್ನು ತಳ್ಳಿಹಾಕಬಹುದು. ಕೋರ್ಟಿನಲ್ಲಿರುವುದನ್ನೂ ಕೇಳಬೇಡಿ. ತಾಲ್ಲೂಕಿನ ಹೆಸರು ಇರಲಿ, ವರ್ಷ ಇರಲಿ, ‘ಸಂಘವಾರು’ ಅಥವಾ ‘ಗ್ರಾಮವಾರು’ ಎಂಬ ಒಂದು ಪದ ಮರೆಯಬೇಡಿ, ಎಲ್ಲ ಅದರಲ್ಲೇ ಇದೆ. ನಿಮ್ಮ ಕ್ಷೇತ್ರದ ಶಾಸಕರು ಮಂತ್ರಿಯಾಗಿದ್ದರೆ ಅವರು ಪ್ರಶ್ನೆ ಕೇಳುವವರಲ್ಲ, ಉತ್ತರ ಹೇಳುವವರು. ಆಗ ಪರಿಷತ್ತಿನ ಸದಸ್ಯರ ಹತ್ತಿರ ಹೋಗಿ, 75 ಜನ ಇದ್ದಾರೆ. ಅಧಿವೇಶನ ಶುರುವಾದ ಮೇಲೆ ಓಡಬೇಡಿ, ಸೂಚನೆ ಮೊದಲೇ ಕೊಡಬೇಕು. ಉತ್ತರ ಬಂದ ಮೇಲೆ ಪ್ರತಿ ತರಿಸಿಕೊಂಡು ಸೊಸೈಟಿ ಬಾಗಿಲಿಗೆ ಅಂಟಿಸಿ.

ಮುಂದಿನ ಅಧಿವೇಶನಕ್ಕೆ ನಾವು ಬರೆದುಕೊಟ್ಟಿರುವ ಪ್ರಶ್ನೆ ಕೆಳಗಿದೆ. ನಿಮ್ಮ ತಾಲ್ಲೂಕಿನ ಹೆಸರು ಹಾಕಿಕೊಂಡು ಬಳಸಬಹುದು. ಕೊಟ್ಟದ್ದರ ನಕಲಿನ ಮೇಲೆ ಪಿಎ ಕೈಯಲ್ಲಿ ತಾರೀಖು ಹಾಕಿಸಿಕೊಳ್ಳಿ.

(ಅ) ಹೊಳೆನರಸೀಪುರ ತಾಲ್ಲೂಕಿನಲ್ಲಿ 2018ರ ಬೆಳೆ ಸಾಲ ಮನ್ನಾ ಯೋಜನೆಯ ಹಸಿರು ಪಟ್ಟಿಯಲ್ಲಿದ್ದೂ ಇಂದಿನವರೆಗೆ ಹಣ ಸಂದಾಯವಾಗದ ರೈತರ ಸಂಖ್ಯೆ ಎಷ್ಟು. (ಸಂಘವಾರು ವಿವರ ನೀಡುವುದು)

(ಆ) ಅವರಲ್ಲಿ ಮೃತಪಟ್ಟಿರುವವರ ಸಂಖ್ಯೆ ಎಷ್ಟು. ಅವರ ವಾರಸುದಾರರಿಂದ ಹಳೆಯ ಬಾಕಿ ವಸೂಲಿಗೆ ನೋಟೀಸು ನೀಡಿರುವ ಪ್ರಕರಣಗಳೆಷ್ಟು. (ಸಂಘವಾರು ವಿವರ ನೀಡುವುದು)

(ಇ) ಈ ಹಿಂದೆ ಸದನಕ್ಕೆ ನೀಡಿದ ಉತ್ತರದಲ್ಲಿ ಬಾಕಿ ಸೊನ್ನೆ ಎಂದು ತಿಳಿಸಲಾಗಿದ್ದ ಸಂಘಗಳಲ್ಲಿ ಆ ನಂತರ ಹಣ ಸಂದಾಯವಾದ ರೈತರ ಸಂಖ್ಯೆ ಎಷ್ಟು. ಸಂದಾಯವಾದ ದಿನಾಂಕ ಯಾವುದು?